ಗುಟ್ಟು ನನ್ನದು, ಔಷಧಿ ಯಾರದು?

ನಮ್ಮ ಜನ ಕಾಯಿಲೆಗಳಿಗೆ ಇಟ್ಟಿರುವ ಹೆಸರುಗಳನ್ನು ಕೇಳಿದರೆ ನನಗೆ ಸೋಜಿಗವಾಗುತ್ತದೆ. ಕೆನ್ನೆ ಊದಿಕೊಂಡರೆ ಮಂಗನಬಾವು. ಬೊಕ್ಕೆಗಳು ಸೊಂಟವನ್ನು ಬಳಸಿಕೊಂಡು ಎದ್ದರೆ ಸರ್ಪಸುತ್ತು. ಕಂಡದ್ದನ್ನು ಕಂಡ ಹಾಗೆಯೇ ಹೇಳುವ ಹೆಸರುಗಳು. ಆದರೆ ಹೆಂಗಸರ ಒಂದು ತೊಂದರೆಗೆ ಮಾತ್ರ ಬಿಳಿಸೆರಗು ಎನ್ನುತ್ತೇವೆ. ಸೆರಗು ಎಂದರೆ ನಮಗೆ ಮರೆ, ಮಾನ, ಮರ್ಯಾದೆ. ಹೆಸರಿಡುವಾಗಲೇ ಅದನ್ನು ಹೊದಿಸಿ ಮುಚ್ಚಿಬಿಟ್ಟರೇನೋ ಎಂದು ಎಷ್ಟೋ ಸಲ ಅನ್ನಿಸಿದೆ.

ದುಬಾರೆಯ ಸಮೀಪದ ಹೈಸ್ಕೂಲೊಂದರಲ್ಲಿ ನಾನು ಸಮಾಜ ಪಾಠ ಹೇಳುವವಳು. ಬಿ.ಎ., ಬಿ.ಎಡ್. ಓದಿದವಳೇ ಹೊರತು ವೈದ್ಯಕೀಯ ಓದಿದವಳಲ್ಲ. ಆದರೂ ಹೆಣ್ಣುಮಕ್ಕಳ ನಡುವೆ ಇಷ್ಟು ವರ್ಷ ಕಳೆದ ಮೇಲೆ ಕೆಲವು ಸಂಗತಿಗಳು ಕೇಳದೆಯೇ ಕಿವಿಗೆ ಬೀಳುತ್ತವೆ. ಒಂಬತ್ತನೇ ತರಗತಿಗೆ ಬರುವಷ್ಟರಲ್ಲಿ ಹುಡುಗಿಯರ ಕೆನ್ನೆಯ ಮೇಲೆ ಮೊಡವೆಗಳು ಮೂಡುತ್ತವೆ. ಊಟದ ಬಿಡುವಿನಲ್ಲಿ ಅದೇ ಮಾತು. ಒಬ್ಬಳು ಕಡಲೆಹಿಟ್ಟು ಎಂದರೆ ಇನ್ನೊಬ್ಬಳು ಗಂಧ ಎನ್ನುತ್ತಾಳೆ. ಮತ್ತೊಬ್ಬಳು ಬ್ಯಾಗಿನಿಂದ ಟ್ಯೂಬು ತೆಗೆದು, "ನಮ್ಮಕ್ಕನಿಗೆ ಇದರಲ್ಲೇ ಹೋಯ್ತು ಕಣೇ, ನೀನೂ ಹಚ್ಚು" ಎಂದು ಕೊಡುತ್ತಾಳೆ. ಮೊಡವೆಯ ಟ್ಯೂಬನ್ನು ಔಷಧಿ ಅಂಗಡಿಯಲ್ಲಿ ಗಟ್ಟಿಯಾಗಿ ಹೆಸರು ಹೇಳಿ ಕೇಳಬಹುದು. ಬಿಳಿಸೆರಗಿನ ಔಷಧಿಯನ್ನಾದರೋ, ಅಲ್ಲಿರುವ ಗಂಡಸರೆಲ್ಲ ಹೋಗುವವರೆಗೆ ಕಾದು, ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಕೊಟ್ಟು, ಪೇಪರಿನಲ್ಲಿ ಸುತ್ತಿಸಿಕೊಂಡು ತರುತ್ತೇವೆ.

ಸ್ವಾರಸ್ಯವೇನೆಂದರೆ, ಎರಡೂ ಟ್ಯೂಬುಗಳ ಒಳಗೆ ಎಷ್ಟೋ ಸಲ ಇರುವುದು ಒಂದೇ ಔಷಧಿ. ಅದರ ಹೆಸರು ಕ್ಲಿಂಡಾಮೈಸಿನ್. ಅಮೆರಿಕದ ನೆಬ್ರಾಸ್ಕಾ ರಾಜ್ಯದ ಲಿಂಕನ್ ಎಂಬ ಊರಿನ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಯೊಂದರಿಂದ ಲಿಂಕೋಮೈಸಿನ್ ಎಂಬ ಔಷಧಿ ಸಿಕ್ಕಿತು. 1960ರ ದಶಕದಲ್ಲಿ ಅದನ್ನೇ ಮಾರ್ಪಡಿಸಿ ಕ್ಲಿಂಡಾಮೈಸಿನ್ ತಯಾರಿಸಿದರು. ಮೊಡವೆಗೆ ಶೇಕಡಾ 1ರ ಜೆಲ್. ಬಿಳಿಸೆರಗಿನ ಕಾರಣಗಳಲ್ಲೊಂದಾದ ಬ್ಯಾಕ್ಟೀರಿಯಲ್ ವೆಜೈನೋಸಿಸ್ ಎಂಬ ತೊಂದರೆಗೆ ಶೇಕಡಾ 2ರ ಕ್ರೀಮು. ಮಣ್ಣಿನಿಂದ ಬಂದ ಆ ಔಷಧಿಗೆ ಮುಖವೆಂಬ ಹೆಮ್ಮೆಯೂ ಇಲ್ಲ, ಗುಪ್ತಾಂಗವೆಂಬ ನಾಚಿಕೆಯೂ ಇಲ್ಲ. ಆ ಭೇದವೆಲ್ಲ ನಮ್ಮದು.

ಈ ಭೇದ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ನನಗೆ ಮನದಟ್ಟು ಮಾಡಿದವಳು ಪರಿಚಯದ ಒಬ್ಬ ಹೆಣ್ಣುಮಗಳು. ಮಗಳ ಮಾರ್ಕ್ಸು ಕೇಳುವ ನೆಪದಲ್ಲಿ ಒಂದು ಸಂಜೆ ಮನೆಗೆ ಬಂದಳು. ಕಾಫಿ ಕುಡಿದು ಲೋಟ ಕೆಳಗಿಟ್ಟ ಮೇಲೂ ಏಳಲಿಲ್ಲ. "ಟೀಚರೇ, ಒಂದು ಮಾತು. ಯಾರಿಗೂ ಹೇಳಬಾರದು" ಎಂದಳು. ವರ್ಷದ ಹಿಂದೆ ಅವಳಿಗೆ ಬಿಳಿ ಹೋಗುವುದು ಹೆಚ್ಚಾಗಿ, ವಾಸನೆಯೂ ಬರತೊಡಗಿದಾಗ ಲೇಡಿ ಡಾಕ್ಟರೊಬ್ಬರು ಏಳು ರಾತ್ರಿಗೆಂದು ಕ್ರೀಮು ಬರೆದುಕೊಟ್ಟಿದ್ದರು. ಮೂರನೇ ದಿನಕ್ಕೇ ಹಾಯೆನಿಸಿತು. ದುಡ್ಡು ಕೊಟ್ಟು ತಂದದ್ದು, ಸುಮ್ಮನೆ ಯಾಕೆ ಮುಗಿಸಬೇಕೆಂದು ಮಿಕ್ಕಿದ್ದನ್ನು ಎತ್ತಿಟ್ಟಳು. ಅದೇ ತೊಂದರೆಯೆಂದು ನಾದಿನಿ ಗುಟ್ಟಾಗಿ ಅತ್ತುಕೊಂಡಾಗ ಅವಳಿಗೆ ಕೊಟ್ಟಳು. ಮತ್ತೆ ತನಗೇ ಶುರುವಾದಾಗ ಅಂಗಡಿಗೆ ಹೋಗಲು ಮನಸ್ಸಾಗಲಿಲ್ಲ. ಅಂಗಡಿಯವನು ಗಂಡನ ಗೆಳೆಯ. ಮಗಳ ಮೊಡವೆಯ ಟ್ಯೂಬಿನ ಮೇಲೆ ನೋಡಿದರೆ ಅದೇ ಹೆಸರು! ಎರಡು ರಾತ್ರಿ ಹಚ್ಚಿಕೊಂಡಳು. ಮೂರನೇ ದಿನ ಉರಿ ತಾಳಲಾರದೆ ನನ್ನಲ್ಲಿಗೆ ಬಂದಿದ್ದಳು. "ಹೆಸರು ಒಂದೇ ಅಲ್ವಾ ಟೀಚರೇ?" ಎಂದು ಕೇಳುವಾಗ ಅವಳ ಕಣ್ಣಲ್ಲಿ ನೀರಿತ್ತು.

ಮರುದಿನ ಅವಳ ಜೊತೆ ನಾನೂ ಡಾಕ್ಟರ ಬಳಿ ಹೋದೆ. ಅವರು ಬೈಯಲಿಲ್ಲ. ಕುಳ್ಳಿರಿಸಿಕೊಂಡು ಬಿಡಿಸಿ ಹೇಳಿದರು. ಹೆಸರು ಒಂದೇ ಆದರೂ ಮುಖದ ಜೆಲ್ಲನ್ನು ಮುಖದ ಚರ್ಮಕ್ಕೆಂದೇ ಮಾಡಿರುತ್ತಾರೆ. ಅದರಲ್ಲಿ ಬೆಂಜಾಯಿಲ್ ಪೆರಾಕ್ಸೈಡೋ ಅಡಾಪಲೀನೋ ಬೆರೆತಿರುವುದೂ ಉಂಟು. ಒಳಗಿನ ಮೃದುವಾದ ಭಾಗಕ್ಕೆ ತಗುಲಿದರೆ ಸುಡದೆ ಇನ್ನೇನು? ಬಿಳಿ ಹೋಗುವುದೆಲ್ಲ ಕಾಯಿಲೆಯೂ ಅಲ್ಲ. ತಿಂಗಳ ದಿನಗಳಿಗೆ ತಕ್ಕಂತೆ ಹೆಚ್ಚುಕಡಿಮೆ ಆಗುವುದು ಸಹಜ. ಕಾಯಿಲೆಯಾದರೂ ಎಲ್ಲವೂ ಒಂದೇ ಅಲ್ಲ. ಮೊಸರಿನ ಗಸಿಯಂತೆ ಗಟ್ಟಿಯಾಗಿ, ತುರಿಕೆಯೊಡನೆ ಬಂದರೆ ಅದು ಹೆಚ್ಚಾಗಿ ಬೂಸ್ಟಿನ ಜಾತಿಯ ಸೋಂಕು. ಅದಕ್ಕೆ ಕ್ಲಿಂಡಾಮೈಸಿನ್ ಏನೂ ಮಾಡದು. ತೆಳ್ಳಗೆ, ಬೂದು ಬಿಳುಪಾಗಿ, ಮೀನಿನ ವಾಸನೆಯೊಡನೆ ಬಂದರೆ ಬ್ಯಾಕ್ಟೀರಿಯಲ್ ವೆಜೈನೋಸಿಸ್ ಇರಬಹುದು. ನೋಡದೆ, ಪರೀಕ್ಷಿಸದೆ ಹೇಳಲಾಗದು.

ಆ ದಿನ ತಿಳಿದ ಇನ್ನೊಂದು ವಿಷಯ ನನಗೆ ಬಹಳ ಹಿಡಿಸಿತು. ಯೋನಿಯ ಒಳಗೆ ಆರೋಗ್ಯದ ದಿನಗಳಲ್ಲೂ ಬ್ಯಾಕ್ಟೀರಿಯಾಗಳು ಇರುತ್ತವೆ. ಅವುಗಳಲ್ಲಿ ಮುಖ್ಯವಾದವು ಲ್ಯಾಕ್ಟೋಬ್ಯಾಸಿಲಸ್, ನಾವು ಹಾಲಿಗೆ ಹೆಪ್ಪು ಹಾಕುವ ಮೊಸರಿನಲ್ಲಿರುವುಗಳ ಬಳಗ. ಅವು ಹುಳಿಯನ್ನು ಉಂಟುಮಾಡಿ ಆ ಜಾಗವನ್ನು ಕಾಯುತ್ತವೆ. ಅವು ಕಡಿಮೆಯಾದಾಗ ಮೂಲೆಯಲ್ಲಿದ್ದ ಗಾರ್ಡ್ನರೆಲ್ಲಾದಂಥವು ತಲೆಯೆತ್ತುತ್ತವೆ. ಹಾಗೆಂದು ಮೊಸರು ಹಚ್ಚಿಕೊಳ್ಳಲು ಹೋಗಬೇಡಿ. ಬಳಗ ಒಂದಾದರೂ ಮನೆ ಬೇರೆ. ಗಮನಿಸಬೇಕಾದದ್ದು ಇದು: ಈ ತೊಂದರೆ ಕೊಳಕಿನಿಂದ ಬಂದದ್ದಲ್ಲ. ಒಳಗನ್ನು ಸೋಪು, ಸುವಾಸನೆಯ ದ್ರವಗಳಿಂದ ಮತ್ತೆ ಮತ್ತೆ ತೊಳೆಯುವವರಲ್ಲೇ ಇದು ಹೆಚ್ಚು. ತಾನು ಶುದ್ಧವಾಗಿಲ್ಲವೆಂದು ನಾಚಿ ತೊಳೆದಷ್ಟೂ ಕಾಯುವವರನ್ನೇ ಓಡಿಸಿದ ಹಾಗೆ.

ಮನೆಗೆ ಬಂದ ಮೇಲೆ ನನ್ನನ್ನು ಕಾಡಿದ್ದು ಔಷಧಿಯ ಮಾತಲ್ಲ, ನೀತಿಯ ಮಾತು. ಆ ಹೆಣ್ಣುಮಗಳು ಮಾಡಿದ್ದರಲ್ಲಿ ಕೆಟ್ಟದ್ದು ಯಾವುದು? ಗುಟ್ಟನ್ನು ಊರಿಗೆ ಹೇಳಲಿಲ್ಲ, ಅದು ಮರ್ಯಾದೆ. ಮಿಕ್ಕದ್ದನ್ನು ಚೆಲ್ಲಲಿಲ್ಲ, ಅದು ಮಿತವ್ಯಯ. ಕಷ್ಟದಲ್ಲಿದ್ದ ನಾದಿನಿಗೆ ತನ್ನದನ್ನು ಕೊಟ್ಟಳು, ಅದು ಔದಾರ್ಯ. ನಮ್ಮ ತಾಯಂದಿರು ನಮಗೆ ಕಲಿಸಿದ ಗುಣಗಳೇ ಇವು. ನಾನೂ ಮಕ್ಕಳಿಗೆ ಕಲಿಸುವುದು ಇವನ್ನೇ. ಮೂರು ಒಳ್ಳೆಯ ಗುಣಗಳು ಸೇರಿ ಒಂದು ಕೆಡುಕು ಹೇಗಾಯಿತು?

ಇದಕ್ಕೆ ಉತ್ತರ ಹುಡುಕಲು ನಾನು ದೂರ ಹೋಗಬೇಕಾಗಿರಲಿಲ್ಲ. ದುಬಾರೆಯಲ್ಲಿ ಕಾವೇರಿಯ ಆಚೆ ದಡದಲ್ಲಿ ಸಾಕಾನೆ ಶಿಬಿರವಿದೆ. ಮೈಸೂರು ದಸರಾಕ್ಕೆ ಅಲ್ಲಿಂದ ಆನೆಗಳು ಹೋಗುತ್ತವೆ. ಆದರೆ ನಮ್ಮ ಸುತ್ತಿನ ಕಾಫಿ ತೋಟದವರಿಗೆ ಆನೆಯೆಂದರೆ ಅಂಬಾರಿಯಲ್ಲ, ರಾತ್ರಿ ಬೇಲಿ ಮುರಿದು ಬರುವ ಕಾಡಾನೆ. ಪಟಾಕಿ ಸಿಡಿಸಿ ಓಡಿಸುತ್ತಾರೆ. ಮೊದಮೊದಲು ಶಬ್ದ ಕೇಳಿದೊಡನೆ ಓಡುತ್ತಿದ್ದ ಆನೆ, ಬೇಕಾದ್ದಕ್ಕೂ ಬೇಡದ್ದಕ್ಕೂ ಪಟಾಕಿ ಹೊಡೆಯುತ್ತ ಹೋದಂತೆ ಕಿವಿ ಬೀಸಿಕೊಂಡು ನಿಂತುಬಿಡುತ್ತದೆ. ಹಾಗೆ ಭಯ ಬಿಟ್ಟ ಆನೆ ಪಟಾಕಿ ಹೊಡೆದವನ ತೋಟಕ್ಕಷ್ಟೇ ಹೋಗುವುದಿಲ್ಲ, ಪಕ್ಕದವನ ತೋಟಕ್ಕೂ ನುಗ್ಗುತ್ತದೆ. ಪಟಾಕಿ ನನ್ನ ದುಡ್ಡಿನದು. ಆದರೆ ಪಟಾಕಿಯ ಹೆದರಿಕೆ ಊರಿನ ಎಲ್ಲರ ಸ್ವತ್ತು.

ಆಂಟಿಬಯೋಟಿಕ್ ಔಷಧಿಯೂ ಹಾಗೆಯೇ. ಬ್ಯಾಕ್ಟೀರಿಯಾಗಳು ಆನೆಯಂತೆ ಕಲಿಯುವುದಿಲ್ಲ ನಿಜ. ಔಷಧಿಯನ್ನು ತಡೆದುಕೊಳ್ಳಬಲ್ಲವು ಉಳಿದು ಸಂತಾನ ಬೆಳೆಸುತ್ತವೆ, ಆ ಶಕ್ತಿಯನ್ನು ಕೆಲವೊಮ್ಮೆ ಬೇರೆಯವಕ್ಕೂ ದಾಟಿಸುತ್ತವೆ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಪ್ರಶಸ್ತಿ ಪಡೆದಾಗಲೇ ಅರೆಬರೆ ಪ್ರಮಾಣದ ಬಳಕೆಯ ಅಪಾಯವನ್ನು ಎಚ್ಚರಿಸಿದ್ದರು. ಆ ಮಾತು ಸುಳ್ಳಾಗಲಿಲ್ಲ. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳಿಂದಲೇ 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂದು ಲೆಕ್ಕ ಹಾಕಿದ್ದಾರೆ. ಮೊಡವೆಯ ಜೆಲ್ಲಿಗೂ ಆ ದಾರಿಗೂ ಏನು ಸಂಬಂಧ ಎನ್ನಬೇಡಿ. ಕ್ಲಿಂಡಾಮೈಸಿನ್ ಒಂದನ್ನೇ ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿದರೆ ಮೊಡವೆಯ ಬ್ಯಾಕ್ಟೀರಿಯಾ ಅದಕ್ಕೆ ಬಗ್ಗದಂತಾಗುತ್ತದೆ. ಅಂಥವು ಮನೆಯ ಇತರರ ಚರ್ಮದ ಮೇಲೂ ಕಂಡಿವೆ. ಅದಕ್ಕೇ ಚರ್ಮದ ಡಾಕ್ಟರುಗಳು ಅದನ್ನು ಒಂಟಿಯಾಗಿ ಕೊಡಬಾರದು, ಬೆಂಜಾಯಿಲ್ ಪೆರಾಕ್ಸೈಡಿನ ಜೊತೆಗೆ, ಸುಮಾರು ಮೂರು ತಿಂಗಳ ಮಿತಿಯಲ್ಲಿ ಕೊಡಬೇಕು ಎನ್ನುವುದು. ಒಂದು ಕಡೆ ಏಳು ರಾತ್ರಿಯದನ್ನು ಮೂರಕ್ಕೇ ಬಿಡುತ್ತೇವೆ. ಇನ್ನೊಂದು ಕಡೆ ಮೂರು ತಿಂಗಳದನ್ನು ಮೂರು ವರ್ಷ ಹಚ್ಚುತ್ತೇವೆ.

ಹಾಗಾದರೆ ಗುಟ್ಟು ತಪ್ಪೇ? ನನಗೆ ಹಾಗೆ ಅನ್ನಿಸುವುದಿಲ್ಲ. ಗುಟ್ಟು ಮನುಷ್ಯರಿಗೆ ಬೇಕು. ತನ್ನ ಮೈಯ ಸಂಗತಿಯನ್ನು ಯಾರಿಗೆ ಹೇಳಬೇಕು, ಯಾರಿಗೆ ಹೇಳಬಾರದು ಎಂಬುದು ಹೆಣ್ಣಿನ ಹಕ್ಕು. ಆದರೆ ಗುಟ್ಟು ಬೇರೆ, ನಾಚಿಕೆ ಬೇರೆ. ಗುಟ್ಟು ಎಂದರೆ ಹೇಳಬೇಕಾದವರಿಗೆ ಹೇಳಿ ಉಳಿದವರಿಗೆ ಹೇಳದಿರುವುದು. ನಾಚಿಕೆ ಎಂದರೆ ಹೇಳಬೇಕಾದವರಿಗೂ ಹೇಳದೆ ತಾನೇ ತಪ್ಪಿತಸ್ಥೆಯೆಂಬಂತೆ ಕುಗ್ಗುವುದು. ಗುಟ್ಟಿಗೆ ಡಾಕ್ಟರ ಕೋಣೆಯಲ್ಲಿ ಜಾಗವಿದೆ. ನಾಚಿಕೆ ಮಾತ್ರ ನಮ್ಮನ್ನು ಅರ್ಧ ಟ್ಯೂಬಿಗೆ, ಬೇರೆಯವರ ಚೀಟಿಗೆ, ಮಗಳ ಮುಲಾಮಿಗೆ ಕೈ ಹಾಕಿಸುತ್ತದೆ. ಗುಟ್ಟು ನನ್ನದಿರಬಹುದು, ಔಷಧಿಯ ಶಕ್ತಿ ನನ್ನೊಬ್ಬಳದಲ್ಲ. ಮುಂದೆ ಯಾವುದೋ ಬಾಣಂತಿಗೆ, ಯಾವುದೋ ಮಗುವಿಗೆ ಅದು ಬೇಕಾಗುತ್ತದೆ.

ಇಷ್ಟು ಹೇಳಿ ಹೊರೆಯನ್ನೆಲ್ಲ ಹೆಂಗಸಿನ ತಲೆಗೇ ಹೊರಿಸಿ ಕುಳಿತರೆ ಅದೂ ಅನ್ಯಾಯವೇ. ಸಣ್ಣ ಊರಿನಲ್ಲಿ ಔಷಧಿ ಅಂಗಡಿಯವನು ಗಂಡನ ಗೆಳೆಯ, ನರ್ಸಮ್ಮ ಅತ್ತೆಯ ನೆಂಟಳು. ಬಾಯಿ ಬಿಟ್ಟರೆ ಮಾತು ಮನೆಗೆ ಮೊದಲೇ ಹೋಗಿ ಮುಟ್ಟಿರುತ್ತದೆ. "ಎಲ್ಲಿಂದ ತಂದೆ ಇದನ್ನು?" ಎಂಬ ಪ್ರಶ್ನೆ ಕಾದಿರುತ್ತದೆ. ಹೇಳುವುದನ್ನು ಇಷ್ಟು ದುಬಾರಿ ಮಾಡಿದವರಿಗೂ ಔಷಧಿ ಸವೆದದ್ದರಲ್ಲಿ ಪಾಲಿಲ್ಲವೇ?

ಈ ಪ್ರಶ್ನೆಗೆ ವಿಜ್ಞಾನವೇ ಒಂದು ಉತ್ತರ ಕೊಟ್ಟಿದೆ. ಬ್ಯಾಕ್ಟೀರಿಯಲ್ ವೆಜೈನೋಸಿಸ್ ವಾಸಿಯಾದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ವರ್ಷದೊಳಗೆ ಮರುಕಳಿಸುತ್ತದೆ. ಅದಕ್ಕೆ ಬಹಳ ಕಾಲ ಹೆಂಗಸಿಗಷ್ಟೇ ಮತ್ತೆ ಮತ್ತೆ ಔಷಧಿ ಕೊಡುತ್ತಿದ್ದರು. 2025ರ ಮಾರ್ಚಿನಲ್ಲಿ ಆಸ್ಟ್ರೇಲಿಯಾದ ಸಂಶೋಧಕರ ಒಂದು ಅಧ್ಯಯನ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಬಂತು. ಬೇರೆ ಸಂಬಂಧವಿಲ್ಲದ 164 ಜೋಡಿಗಳನ್ನು ಸೇರಿಸಿಕೊಂಡು, ಎಲ್ಲ ಹೆಂಗಸರಿಗೂ ಔಷಧಿ ಕೊಟ್ಟರು. ಒಂದು ಗುಂಪಿನಲ್ಲಿ ಗಂಡಸರಿಗೂ ಏಳು ದಿನ ಮೆಟ್ರೊನಿಡಜೋಲ್ ಮಾತ್ರೆ ಮತ್ತು ಹಚ್ಚಿಕೊಳ್ಳಲು ಇದೇ ಶೇಕಡಾ 2ರ ಕ್ಲಿಂಡಾಮೈಸಿನ್ ಕ್ರೀಮು ಕೊಟ್ಟರು. ಹನ್ನೆರಡು ವಾರಗಳೊಳಗೆ, ಹೆಂಗಸಿಗೆ ಮಾತ್ರ ಔಷಧಿ ಕೊಟ್ಟ ಗುಂಪಿನಲ್ಲಿ ಶೇಕಡಾ 63 ಮಂದಿಗೆ ಮರುಕಳಿಸಿತು. ಇಬ್ಬರಿಗೂ ಕೊಟ್ಟ ಗುಂಪಿನಲ್ಲಿ ಶೇಕಡಾ 35 ಮಂದಿಗೆ. ಇದರಲ್ಲಿ ಯಾರ ನಡತೆಯ ಮೇಲೂ ಅನುಮಾನವಿಲ್ಲ. ಅವರೆಲ್ಲ ಒಬ್ಬರಿಗೊಬ್ಬರು ಎಂದು ಬಾಳುತ್ತಿದ್ದವರೇ. ಇಬ್ಬರ ನಡುವೆ ಹೋಗಿಬರುವ ಜೀವಿಗಳಿಗೆ ಒಬ್ಬಳನ್ನೇ ಹೊಣೆ ಮಾಡಿದರೆ ಔಷಧಿ ಸೋಲುತ್ತದೆ, ಅಷ್ಟೇ. ಆ ಕ್ರೀಮನ್ನು ಗಂಡ ಹಚ್ಚಿಕೊಳ್ಳಬೇಕಾದರೆ ಹೆಂಡತಿ ಅವನಿಗೆ ಹೇಳಬೇಕು. ಅವಳು ಹೇಳಬೇಕಾದರೆ ಅವನು ಕೇಳುವಂಥವನಾಗಿರಬೇಕು.

ನಿಮ್ಮ ಬೀರುವಿನಲ್ಲೂ ಬಾಯಿ ಮುಚ್ಚಿದ ಅರ್ಧ ಟ್ಯೂಬೊಂದು ಇರಬಹುದು. ಅದನ್ನು ನಾದಿನಿಗೋ ಪಕ್ಕದ ಮನೆಯವಳಿಗೋ ಕೊಡುವ ಬದಲು, ಅವಳ ಜೊತೆ ಡಾಕ್ಟರ ಬಳಿಗೆ ಹೋಗಿಬನ್ನಿ. ಅರ್ಧ ಟ್ಯೂಬಿಗಿಂತ ಅರ್ಧ ದಿನ ಕೊಡುವುದು ದೊಡ್ಡ ಔದಾರ್ಯ. ಬಸುರಿಯಾಗಿದ್ದರಂತೂ ತಡ ಮಾಡಬಾರದು. ಈ ತೊಂದರೆಗೂ ಅವಧಿಗೆ ಮುಂಚೆ ಹೆರಿಗೆಯಾಗುವುದಕ್ಕೂ ನಂಟಿದೆ.

ಈಗ ನಾನು ವರ್ಷಕ್ಕೊಮ್ಮೆ ಹುಡುಗಿಯರನ್ನಷ್ಟೇ ಕೂರಿಸಿಕೊಂಡು ಎರಡೂ ವಿಷಯವನ್ನು ಒಂದೇ ದನಿಯಲ್ಲಿ ಹೇಳುತ್ತೇನೆ. ಮೊಡವೆಯದನ್ನು ಹೇಳುವಾಗ ನಗುತ್ತಾರೆ, ಬಿಳಿಸೆರಗು ಎಂದಾಗ ತಲೆ ತಗ್ಗಿಸುತ್ತಾರೆ. ಹೋದ ಸಲ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎಲ್ಲರೂ ಹೋದ ಮೇಲೆ ನಿಂತು ಕೇಳಿದಳು: "ಟೀಚರ್, ಇದನ್ನ ಅಮ್ಮನಿಗೂ ಹೇಳಬಹುದಾ? ಅಮ್ಮ ಯಾರಿಗೂ ಹೇಳೋದಿಲ್ಲ."

"ಹೇಳು ಮಗು" ಎಂದೆ. "ಮೊದಲು ಅಮ್ಮನಿಗೇ ಹೇಳು."