ಕೊಸರು ಮತ್ತು ಕೂಪನ್ನು

ಒಂದು ಸಣ್ಣ ಪ್ರಶ್ನೆ. ಕೂಪನ್ ಕೋಡ್ ಹಾಕಿ ನೀವು ಎಂಬತ್ತು ರೂಪಾಯಿ ಉಳಿಸಿದಿರಿ ಅಂತಿಟ್ಟುಕೊಳ್ಳಿ. ಆ ಎಂಬತ್ತು ರೂಪಾಯಿ ಯಾರದು?

ಆ್ಯಪ್ ಕಂಪನಿಯವರದು ಅಂತ ನಮ್ಮಲ್ಲಿ ಬಹಳ ಜನ ಅಂದುಕೊಂಡಿದ್ದೇವೆ. ಹೂಡಿಕೆದಾರರ ದುಡ್ಡು ಹೊಳೆ ಥರ ಹರೀತಿದೆ, ನಮ್ಮ ಪಾಲಿಗೂ ಒಂದು ಚೊಂಬು ಬಂತು, ಅದರಲ್ಲೇನು ತಪ್ಪು ಅಂತ. ಕೆಲವು ಸಲ ಅದು ನಿಜ ಕೂಡ. ಆದರೆ ಬೀದಿ ಕೊನೆಯ ಬೇಕರಿ, ಸಲೂನು, ಟೈಲರ್ ಅಂಗಡಿಯ ವಿಷಯಕ್ಕೆ ಬಂದರೆ ಆ ದುಡ್ಡು ಬಹಳ ಸಲ ಅಂಗಡಿಯವರದ್ದೇ ಆಗಿರುತ್ತೆ. ಇಲ್ಲವೇ, ಅದೇ ಅಂಗಡಿಯಲ್ಲಿ ಕೂಪನ್ ಗೊತ್ತಿಲ್ಲದೆ ಪೂರ್ತಿ ಬೆಲೆ ಕೊಟ್ಟು ಹೋದ ಇನ್ಯಾರದ್ದೋ ಆಗಿರುತ್ತೆ.

ಕೂಪನ್ ಹೊಸ ಸರಕೇನಲ್ಲ. 1887ರ ಸುಮಾರಿಗೇ ಅಮೆರಿಕದ ಅಟ್ಲಾಂಟಾದಲ್ಲಿ ಒಂದು ಗ್ಲಾಸ್ ಕೋಕಾ-ಕೋಲಾ ಉಚಿತ ಅನ್ನುವ ಚೀಟಿ ಹಂಚಿದ್ದರು. 2006ರಲ್ಲಿ ಗೂಗಲ್ ಕಂಪನಿ ಅಲ್ಲಿನ ಅಂಗಡಿಯವರಿಗೆ ಮ್ಯಾಪಿನಲ್ಲೇ ಕೂಪನ್ ಹಾಕುವ ಸೌಲಭ್ಯ ಕೊಟ್ಟಿತು. 2008ರಲ್ಲಿ ಶಿಕಾಗೋದಲ್ಲಿ ಗ್ರೂಪಾನ್ ಶುರುವಾಯಿತು, 2011ರಲ್ಲಿ ಸೋಸಸ್ತಾ ಅನ್ನುವ ಕಂಪನಿಯನ್ನು ಕೊಂಡುಕೊಂಡು ಭಾರತಕ್ಕೂ ಬಂತು. 2013ರ ಸೆಪ್ಟೆಂಬರಿನಲ್ಲಿ ಈರುಳ್ಳಿ ಬೆಲೆ ಗಗನಕ್ಕೇರಿದ್ದಾಗ ಇದೇ ಗ್ರೂಪಾನ್ ಕಿಲೋಗೆ 9 ರೂಪಾಯಿಯಂತೆ ಈರುಳ್ಳಿ ಮಾರಲು ಹೋಗಿ, ಜನ ಮುಗಿಬಿದ್ದು ಅದರ ವೆಬ್‌ಸೈಟೇ ಮಲಗಿತ್ತು. ಈಗಂತೂ ಇಷ್ಟೆಲ್ಲ ಬೇಕಿಲ್ಲ. ಹತ್ತಿರದ ಬೇಕರಿ ಅಂತ ಹುಡುಕಿದರೆ ಮ್ಯಾಪು, ಅದರ ಕೆಳಗೆ ಎರಡು ಮೂರು ಅಂಗಡಿಗಳ ಹೆಸರು ಬರುತ್ತೆ. ಆ ಹೆಸರು ಒತ್ತಿದರೆ ಫೋಟೋ, ಫೋನ್ ನಂಬರು, ಬಾಗಿಲು ತೆಗೆಯುವ ಹೊತ್ತು, ಜೊತೆಗೆ ಅಂಗಡಿಯವರು ಹಾಕಿದ್ದರೆ ಒಂದು ಆಫರು, ಅದರ ಕೋಡು, ಕೊನೆಯ ದಿನಾಂಕ. ಹಾಕೋಕೆ ಕಾಸು ಕೊಡಬೇಕಾಗಿಲ್ಲ. ಬಿಟ್ಟುಕೊಡುವ ರಿಯಾಯಿತಿ ಮಾತ್ರ ಅಂಗಡಿಯವರ ಜೇಬಿನಿಂದಲೇ ಹೋಗಬೇಕು.

ಲೆಕ್ಕ ಹಾಕಿ ನೋಡೋಣ. ನಾನೂರು ರೂಪಾಯಿಯ ಕೇಕಿಗೆ ಮೈದಾ, ಮೊಟ್ಟೆ, ಕ್ರೀಮು, ಕರೆಂಟು, ಕೂಲಿ ಎಲ್ಲ ಸೇರಿ ಇನ್ನೂರೆಂಬತ್ತು ಬೀಳುತ್ತೆ ಅಂತಿಟ್ಟುಕೊಳ್ಳಿ. ಕಾಲು ಭಾಗ ಕಡಿಮೆ ಮಾಡಿದರೆ ಕೈಗೆ ಬರೋದು ಮುನ್ನೂರು, ಉಳಿಯೋದು ಇಪ್ಪತ್ತು. ಗ್ರೂಪಾನ್ ಮಾದರಿಯ ಡೀಲಾದರೆ ಸಾಮಾನ್ಯವಾಗಿ ಬೆಲೆಯಲ್ಲಿ ಅರ್ಧ ಗಿರಾಕಿಗೆ ಬಿಟ್ಟು, ಬಂದ ಅರ್ಧದಲ್ಲಿ ಮತ್ತರ್ಧ ಕಂಪನಿಗೆ ಕೊಡಬೇಕು. ಆಗ ಅಂಗಡಿಗೆ ಸಿಗೋದು ನೂರು, ಪ್ರತಿ ಕೇಕಿಗೂ ನೂರೆಂಬತ್ತು ನಷ್ಟ. ಬಂದವರು ಮತ್ತೆ ಬಂದರೆ ಮಾತ್ರ ಅದು ಗಿಟ್ಟುತ್ತೆ. ರೈಸ್ ವಿಶ್ವವಿದ್ಯಾಲಯದ ಉತ್ಪಲ್ ಧೋಲಾಕಿಯಾ 2010ರಲ್ಲಿ ಗ್ರೂಪಾನ್ ಬಳಸಿದ 150 ವ್ಯಾಪಾರಿಗಳನ್ನು ಕೇಳಿದಾಗ ನೂರಕ್ಕೆ 66 ಜನ ಲಾಭ ಆಯಿತು ಅಂದರು, 32 ಜನ ನಷ್ಟ ಅಂದರು. ಅಂದರೆ ಕೂಪನ್ ಮೋಸವೂ ಅಲ್ಲ, ಮಂತ್ರದಂಡವೂ ಅಲ್ಲ.

ಲಾಭ ನಷ್ಟದ ಲೆಕ್ಕ ಇಲ್ಲಿಗೆ ಮುಗೀತು. ನನ್ನ ತಲೆ ತಿಂದದ್ದು ಬೇರೆ ಲೆಕ್ಕ, ಅದು ಶುರುವಾಗಿದ್ದು ಬೂದಿಕೋಟೆಯಲ್ಲಿ.

ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆ ಹೈದರಾಲಿ ಹುಟ್ಟಿದೂರು ಅಂತ ನೀವು ಶಾಲೆಯಲ್ಲಿ ಓದಿರಬಹುದು. ಅಲ್ಲಿ ನಮ್ಮ ದೊಡ್ಡಪ್ಪನ ಮಗ ಒಂದು ಸಣ್ಣ ಬೇಕರಿ ಇಟ್ಟಿದ್ದಾನೆ. ಬನ್ನು, ಖಾರಾ ಬಿಸ್ಕತ್ತು, ದಿಲ್‌ಪಸಂದು, ಪಫ್ಸು, ಟೀ, ಆರ್ಡರ್ ಕೊಟ್ಟರೆ ಹುಟ್ಟುಹಬ್ಬದ ಕೇಕು. ಬೆಳಗ್ಗೆ ತೋಟದ ಕೆಲಸಕ್ಕೆ ಹೋಗುವವರು, ಬಸ್ಸಿಗೆ ಕಾಯುವವರು, ಸಂಜೆ ಸ್ಕೂಲು ಬಿಟ್ಟ ಮಕ್ಕಳು, ಇವರೇ ಗಿರಾಕಿಗಳು. ಹೋದ ವರ್ಷ ಹಬ್ಬಕ್ಕೆ ಹೋದಾಗ ಅಣ್ಣ ಹೇಳಿದ: “ನೀನು ಕಂಪ್ಯೂಟ್ರು ಕೆಲ್ಸದೋನಲ್ವೇನೋ, ನಮ್ಮಂಗಡೀನೂ ಗೂಗಲ್‌ಗೆ ಹಾಕು. ಕೂಪನ್ನು ಇಡು. ಪೇಟೆ ಬೇಕರಿಯೋನು ಇಪ್ಪತ್ತು ಪರ್ಸೆಂಟ್ ಬಿಡ್ತಾವ್ನೆ, ಕೇಕ್ ಆರ್ಡರೆಲ್ಲ ಅವನಿಗೇ ಹೋಗ್ತೈತೆ.”

ಅಣ್ಣನ ಮಾತಿನಲ್ಲಿ ತಪ್ಪಿಲ್ಲ. ಬನ್ನು ಟೀಯಿಂದ ದಿನ ಕಳೆಯುತ್ತೆ ಅಷ್ಟೇ, ತಿಂಗಳ ಬಾಡಿಗೆ, ಮಕ್ಕಳ ಫೀಸು ಹುಟ್ಟೋದು ಕೇಕಿನಿಂದ. ಅದು ಕೈತಪ್ಪಿದರೆ ಅಂಗಡಿಯೇ ಕೈತಪ್ಪಬಹುದು. ಆದರೆ ಒಳಗಿನಿಂದ ಅತ್ತಿಗೆ ಒಂದು ಮಾತು ಕೇಳಿದರು: “ಹಾಕೋದು ಹಾಕು. ದಿನಾ ಬರೋರು ನಮ್ಗ್ಯಾಕಿಲ್ಲ ಅಂದ್ರೆ ಏನು ಹೇಳಾನ?”

ಇದು ಸುಲಭದ ಪ್ರಶ್ನೆ ಅಲ್ಲ. ಎಲ್ಲರಿಗೂ ಒಂದೇ ಬೆಲೆ ಇರಲೇಬೇಕು ಅಂತ ನಾವೇನೂ ನಂಬಿಲ್ಲ. ವಿದ್ಯಾರ್ಥಿಗಳಿಗೆ ಬಸ್ ಪಾಸ್ ಇದೆ. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಸರಿಯೋ ತಪ್ಪೋ ಅಂತ ಜಗಳ ಆಡಬಹುದು, ಆದರೆ ಕಾರಣವನ್ನು ಬಸ್ಸಿನೊಳಗೆ ಎಲ್ಲರ ಎದುರು ಗಟ್ಟಿಯಾಗಿ ಹೇಳಬಹುದು. ಕೂಪನ್ನಿನ ಕಾರಣ ಹಾಗೆ ಹೇಳೋಕಾಗುತ್ತಾ? “ಅವರು ಫೋನಲ್ಲಿ ಹುಡುಕಿಕೊಂಡು ಬಂದರು, ನೀನು ಹುಡುಕದೆ ಬಂದೆ, ಅದಕ್ಕೆ ನಿನಗೆ ಜಾಸ್ತಿ” ಅಂತ ಹದಿನೈದು ವರ್ಷದಿಂದ ಬರುತ್ತಿರುವ ಗಿರಾಕಿಗೆ ಮುಖ ನೋಡಿ ಹೇಳಬೇಕು.

ಅರ್ಥಶಾಸ್ತ್ರದವರ ಹತ್ತಿರ ಇದಕ್ಕೊಂದು ಉತ್ತರ ಇದೆ. ದುಡ್ಡು ಕಡಿಮೆ ಇರುವವರು ಸಮಯ ಖರ್ಚು ಮಾಡಿ ಪೇಪರಿನ ಕೂಪನ್ ಕತ್ತರಿಸಿ ತರುತ್ತಾರೆ, ದುಡ್ಡಿರುವವರು ಆ ಗೋಜಿಗೆ ಹೋಗಲ್ಲ. ಹಾಗಾಗಿ ಬಡವರಿಗೆ ಕಡಿಮೆ ಬೆಲೆ, ಉಳ್ಳವರಿಗೆ ಹೆಚ್ಚು ಬೆಲೆ ತಾನಾಗೇ ಆಗುತ್ತೆ ಅನ್ನೋದು ಅವರ ವಾದ. ಕತ್ತರಿ ಹಿಡಿದು ಕೂರುವ ಕಾಲಕ್ಕೆ ಇದು ಒಪ್ಪುವ ಮಾತು. ಬೂದಿಕೋಟೆಯ ಬೇಕರಿಯಲ್ಲಿ ಇದು ತಲೆಕೆಳಗಾಗುತ್ತೆ. ಕೋಟೆ ನೋಡೋಕೆ, ಮಾರ್ಕಂಡೇಯ ಡ್ಯಾಮಿಗೆ ಅಂತ ವೀಕೆಂಡಿನಲ್ಲಿ ಕಾರಿನಲ್ಲಿ ಬರುವವರ ಕೈಯಲ್ಲಿ ಒಳ್ಳೆ ಫೋನು, ಇಂಗ್ಲಿಷು, ಹುಡುಕುವ ಅಭ್ಯಾಸ ಮೂರೂ ಇರುತ್ತೆ. ರಿಯಾಯಿತಿ ಅವರಿಗೆ. ಟೊಮೇಟೊ ಬಿಡಿಸಿ ಬಂದು ಮಗಳ ಹುಟ್ಟುಹಬ್ಬಕ್ಕೆ ಅರ್ಧ ಕೆಜಿ ಕೇಕು ಕೇಳುವ ಹೆಂಗಸಿಗೆ ಪೂರ್ತಿ ಬೆಲೆ. ಇವತ್ತು ಕಡಿಮೆ ಬೆಲೆ ಸಿಗೋದು ಕಷ್ಟದಲ್ಲಿರೋರಿಗಲ್ಲ, ದಾರಿ ಗೊತ್ತಿರೋರಿಗೆ.

ಹದಿನೇಳನೇ ಶತಮಾನದ ಇಂಗ್ಲೆಂಡಿನಲ್ಲಿ ಕ್ವೇಕರ್ ಅನ್ನುವ ಕ್ರೈಸ್ತ ಪಂಥದವರು ಇದನ್ನೇ ಹಿಡಿದು ಕೂತಿದ್ದರು. ಆಗ ಎಲ್ಲ ಕಡೆ ಚೌಕಾಸಿ. ಹೆಚ್ಚು ಹೇಳಿ ಕಡಿಮೆಗೆ ಇಳಿಯೋದು ಅಂದರೆ ಮೊದಲು ಹೇಳಿದ್ದು ಸುಳ್ಳು ಅಂತಾಯಿತಲ್ಲ, ಆದ್ದರಿಂದ ಒಂದೇ ಬೆಲೆ ಹೇಳಬೇಕು ಅನ್ನೋದು ಅವರ ನಿಯಮ. ಮೊದಮೊದಲು ಗಿರಾಕಿಗಳು ಬರಲಿಲ್ಲ. ಆಮೇಲೆ, ಇವರ ಅಂಗಡಿಗೆ ಮಗುವನ್ನು ಕಳಿಸಿದರೂ ದೊಡ್ಡವರಿಗೆ ಹೇಳುವ ಬೆಲೆಯೇ ಅಂತ ಗೊತ್ತಾಗಿ ವ್ಯಾಪಾರ ಬೆಳೀತು ಅಂತ ಅವರ ಗುರು ಜಾರ್ಜ್ ಫಾಕ್ಸ್ ಬರೆದುಕೊಂಡಿದ್ದಾನೆ. ಇವತ್ತು ನಾವು ಪ್ಯಾಕೆಟ್ ಮೇಲೆ ಬೆಲೆ ನೋಡಿ ಮಾತಿಲ್ಲದೆ ದುಡ್ಡು ಕೊಡುತ್ತೇವಲ್ಲ, ಆ ನಂಬಿಕೆಯ ಬೇರುಗಳಲ್ಲಿ ಇದೂ ಒಂದು.

ಊರಿನಲ್ಲಿ ಬೆಳೆದ ನಮಗೆ ಈ ಮಗುವಿನ ಮಾತು ಚೆನ್ನಾಗಿ ಅರ್ಥ ಆಗುತ್ತೆ. ಅಂಗಡಿಗೆ ಹೋಗೋದೇ ಮಕ್ಕಳ ಕೆಲಸ. ಮುಷ್ಟಿಯಲ್ಲಿ ನೋಟು ಹಿಡಿದು, ತರಬೇಕಾದ್ದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡುತ್ತ ಓಡುತ್ತಿದ್ದೆವು. ಬೆಲೆ ಜೊತೆಗೆ ಕೊಸರೂ ಸಿಗುತ್ತಿತ್ತು. ಸೇರು ಅಳೆದ ಮೇಲೆ ಒಂದು ಹಿಡಿ, ಮೊಳ ಹಾಕಿದ ಮೇಲೆ ಒಂದು ಗೇಣು ಹೂವು, ನಮಗಾದರೆ ಒಂದು ಪೆಪ್ಪರ್‌ಮೆಂಟು. ಕೊಸರು ಕೂಡ ರಿಯಾಯಿತಿಯೇ. ಅದು ಕೂಡ ಗಿರಾಕಿಯನ್ನು ಮತ್ತೆ ಕರೆಸೋ ಉಪಾಯವೇ. ಆದರೆ ಅದು ಎದುರಿಗೆ ನಿಂತವರಿಗೆ, ಎಲ್ಲರಿಗೂ ಕಾಣುವ ಹಾಗೆ ಸಿಗುತ್ತಿತ್ತು. ಕೇಳೋಕೆ ನಾಲಿಗೆ ಇದ್ದರೆ ಸಾಕು, ಕೋಡು ಬೇಕಾಗಿರಲಿಲ್ಲ. ಕೂಪನ್ನು ಇನ್ನೂ ಬರದವರಿಗೆ ಕೊಡುವ ಕೊಸರು. ಬಂದವರ ತಕ್ಕಡಿಯಿಂದ ತೆಗೆದು ಕೊಟ್ಟಾಗ ಮಾತ್ರ ಅದು ಅನ್ಯಾಯ ಆಗುತ್ತೆ.

ಹಳೇ ಗಿರಾಕಿಗೆ ಅಂಗಡಿಯಲ್ಲಿ ಸಾಲ ಸಿಗುತ್ತೆ, ಲೆಕ್ಕದ ಪುಸ್ತಕದಲ್ಲಿ ಹೆಸರಿರುತ್ತೆ, ಹೊಸಬರಿಗೆ ಅದಿಲ್ಲ, ಕೂಪನ್ ಸಿಕ್ಕರೇನಂತೆ ಅಂತ ನೀವು ಕೇಳಬಹುದು. ನ್ಯಾಯವಾದ ಮಾತು. ಆದರೆ ಸಾಲ ಎಲ್ಲರಿಗೂ ಬೇಕಿರಲ್ಲ. ನಗದು ಕೊಟ್ಟು ಹೋಗುವ ಹಳಬರಿಗೆ ಎರಡೂ ಇಲ್ಲ. ಒಳ್ಳೆ ಸರಕಿಗೆ ಕೂಪನ್ ಯಾಕೆ ಅಂತ ಇನ್ನೊಬ್ಬರು ಕೇಳಬಹುದು. ನಮ್ಮ ಬಂಗಾರಪೇಟೆ ಪಾನಿಪುರಿಯನ್ನೇ ನೋಡಿ. ನೀರಿನಷ್ಟು ತಿಳಿಯಾದ ಪಾನಿ, ತಿಂದರೆ ಖಾರ. ಬಾಯಿಂದ ಬಾಯಿಗೆ ಹೆಸರು ಹರಡಿ ಇವತ್ತು ಬೆಂಗಳೂರಿನ ಎಷ್ಟೋ ಬೀದಿಗಳಲ್ಲಿ ಆ ಬೋರ್ಡಿದೆ. ಆದರೆ ಬಾಯಿಮಾತಿಗೆ ವರ್ಷಗಟ್ಟಲೆ ಹಿಡಿಯುತ್ತೆ. ಮೊನ್ನೆ ಅಂಗಡಿ ಇಟ್ಟವರಿಗೆ, ಮೊದಲ ತಿಂಗಳ ಬಾಡಿಗೆಗೇ ತಿಣುಕುವವರಿಗೆ ಕಾದು ನೋಡಿ ಅನ್ನೋದು ಸಂಬಳ ಬರುವವರ ಉಪದೇಶ ಆಗುತ್ತೆ. ಅಂಥವರು ಕೂಪನ್ ಹಾಕಲಿ.

ಹಾಕುವಾಗ ಮಗುವಿನ ಪರೀಕ್ಷೆ ಇಟ್ಟುಕೊಂಡರೆ ಸಾಕು ಅನ್ಸುತ್ತೆ. ಫೋನಿಲ್ಲದ ಮಗು ಬಂದು ಕೇಳಿದರೂ ಅದೇ ಬೆಲೆ ಕೊಡ್ತೀರಾ? ಆನ್‌ಲೈನಿನಲ್ಲಿ ಹಾಕಿದ ಆಫರನ್ನು ಅಂಗಡಿ ಗೋಡೆ ಮೇಲೂ ಕನ್ನಡದಲ್ಲಿ ಬರೆದು ಹಾಕ್ತೀರಾ? ಮುನ್ನೂರರ ಕೇಕನ್ನು ನಾನೂರು ಅಂತ ಬರೆದು ನೂರು ಕಡಿಮೆ ಅಂತ ಹೇಳ್ತಿಲ್ಲ ತಾನೇ? ಎರಡೇ ಗಂಟೆ ಬಾಕಿ ಅಂತ ಸುಮ್ಮನೆ ಹೆದರಿಸ್ತಿಲ್ಲ ತಾನೇ? 2023ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಡಾರ್ಕ್ ಪ್ಯಾಟರ್ನ್‌ಗಳ ವಿರುದ್ಧ ಹೊರಡಿಸಿದ ಮಾರ್ಗಸೂಚಿಯಲ್ಲಿ ಹೆಸರಿಸಿದ 13 ತಂತ್ರಗಳಲ್ಲಿ ಈ ಸುಳ್ಳು ಅವಸರವೂ ಒಂದು. ಅಂಥ ಪರದೆಗಳನ್ನು ಕಟ್ಟುವವರು ನನ್ನ ನಿಮ್ಮಂಥ ಇಂಜಿನಿಯರುಗಳೇ ಅನ್ನೋದನ್ನೂ ನೆನಪಿಟ್ಟುಕೊಳ್ಳೋದು ಒಳ್ಳೇದು.

ಎಲ್ಲರಿಗೂ ಒಟ್ಟಿಗೆ ಸುದ್ದಿ ಮುಟ್ಟಿಸೋದು ಬೂದಿಕೋಟೆಗೆ ಹೊಸದಲ್ಲ. 2000ರ ದಶಕದ ಆರಂಭದಲ್ಲಿ ಯುನೆಸ್ಕೊ ನೆರವಿನಿಂದ ‘ನಮ್ಮ ಧ್ವನಿ’ ಅನ್ನುವ ಸಮುದಾಯ ರೇಡಿಯೊ ಟಿವಿ ಕೇಬಲ್ ಮೂಲಕ ಅಲ್ಲಿನ ಮನೆಗಳಿಗೆ ಕೇಳಿಸುತ್ತಿತ್ತು. ಊರಿನವರೇ ಮಾತಾಡಿದ್ದು ಊರಿಗೆಲ್ಲ ಕೇಳೋದು. ಫೋನಿನ ಹುಡುಕಾಟ ಹಾಗಲ್ಲ, ಹುಡುಕಿದವರಿಗಷ್ಟೇ ಉತ್ತರ ಕೊಡುತ್ತೆ. ಉಳಿದವರಿಗೆ ಗೋಡೆಯೇ ಗತಿ.

ಕೊನೆಗೆ ಅಣ್ಣ ಅತ್ತಿಗೆ ಕೂತು ಒಂದು ತೀರ್ಮಾನಕ್ಕೆ ಬಂದರು. ಅಂಗಡಿಯ ಹೆಸರು ಕನ್ನಡ ಇಂಗ್ಲಿಷ್ ಎರಡರಲ್ಲೂ ಮ್ಯಾಪಿಗೆ ಹೋಯಿತು. ಒಲೆ ಮುಂದಿನ ನಿಜವಾದ ಫೋಟೋ, ನಿಜವಾದ ಸಮಯ, ಅಣ್ಣನ ನಂಬರು. ಆಫರು ಒಂದೇ: ಸಂಜೆ ಏಳರ ಮೇಲೆ ಉಳಿದ ಬನ್ನು, ಪಫ್ಸು ಅರ್ಧ ಬೆಲೆ. ಅದೇ ಮಾತು ಗಾಜಿನ ಮೇಲೂ ಅಂಟಿದೆ. ಕೇಕಿಗೆ ರಿಯಾಯಿತಿ ಇಲ್ಲ, ಹೆಸರು ಬರೆಯೋಕೆ ಮಾತ್ರ ದುಡ್ಡು ತಗೊಳ್ಳಲ್ಲ, ಯಾರು ಬಂದರೂ. ಸುತ್ತಲ ಹಳ್ಳಿಗಳಿಂದ ಕೆಲವು ಫೋನು ಬರ್ತಿವೆ. ಪೇಟೆಗೆ ಹೋಗುವ ಆರ್ಡರುಗಳು ಪೂರ್ತಿ ನಿಂತಿಲ್ಲ. ನ್ಯಾಯವಾಗಿದ್ದರೆ ಲಾಭ ತಾನಾಗೇ ಬರುತ್ತೆ ಅಂತ ನಾನು ಹೇಳಲ್ಲ. ಅಣ್ಣ ಕೆಲವು ಆರ್ಡರುಗಳನ್ನು ಬಿಟ್ಟುಕೊಟ್ಟೇ ಇದನ್ನು ನಡೆಸ್ತಿದ್ದಾನೆ.

ನಮ್ಮಿಂದ ಆಗೋದು ಇಷ್ಟು. ದೊಡ್ಡ ಕಂಪನಿ ತನ್ನ ದುಡ್ಡಿನಲ್ಲಿ ಕೊಡುವ ರಿಯಾಯಿತಿ ಧಾರಾಳವಾಗಿ ತಗೊಳ್ಳಿ. ಸಣ್ಣ ಅಂಗಡಿಯ ಆಫರು ಕಂಡರೆ ಮೊದಲ ಸಲ ಬಳಸಿ, ಅವರು ಹಾಕಿರೋದೇ ಅದಕ್ಕೆ. ತಿಂದದ್ದು ಹಿಡಿಸಿದರೆ ಎರಡನೇ ಸಲ ಕೋಡ್ ಹುಡುಕದೆ ಅವರ ನಂಬರಿಗೇ ಫೋನ್ ಮಾಡಿ, ಪೂರ್ತಿ ಬೆಲೆ ಕೊಟ್ಟು ತಗೊಳ್ಳಿ. ಬೇಕಿದ್ದರೆ ಕೊಸರು ಕೇಳಿ, ಕೊಟ್ಟೇ ಕೊಡ್ತಾರೆ.