ಕೈಗೆ ಕೆಲಸ ಕೊಟ್ಟ ಗೆಳತಿಯರು

ಗಂಡನ ನೌಕರಿಯ ಬೆನ್ನು ಹತ್ತಿ ಊರು ಬಿಟ್ಟು ಬಂದ ಹೆಂಗಸರನ್ನು ನಾನು ಮೊದಲು ಕಂಡದ್ದು ಅಮೆರಿಕದಲ್ಲಲ್ಲ, ಸಂಡೂರಿನಲ್ಲಿ. ನಮ್ಮೂರನ್ನು ಸುತ್ತುವರಿದ ಗುಡ್ಡಗಳಲ್ಲಿ ಕಬ್ಬಿಣದ ಅದಿರು ಮತ್ತು ಮ್ಯಾಂಗನೀಸ್ ಇದ್ದುದರಿಂದ ಹೊರಗಿನವರು ಬಂದು ನೆಲೆಸುವುದು ಅಲ್ಲಿ ಹೊಸತಲ್ಲ. 1954ರಲ್ಲಿ ಸ್ಥಾಪನೆಯಾದ ಸ್ಮಯೋರ್ ಗಣಿ ಕಂಪನಿಯ ಜನ ದೇವಗಿರಿಯಲ್ಲಿದ್ದರು. 1977ರಲ್ಲಿ ಸರಕಾರಿ ಗಣಿ ಸಂಸ್ಥೆ ಎನ್‌ಎಂಡಿಸಿಯ ದೋಣಿಮಲೈ ಗಣಿ ಶುರುವಾಯಿತು, ಅದರ ಜೊತೆಗೆ ಒಂದು ಟೌನ್‌ಶಿಪ್ಪೂ ಬೆಳೆಯಿತು. ಆಮೇಲೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಬಂತು, ಅದರ ಮಗ್ಗುಲಿಗೇ ವಿದ್ಯಾನಗರ ಎದ್ದಿತು. ಬೈಲಾಡಿಲಾದ ಗಣಿಯಿಂದ ವರ್ಗವಾಗಿ ಬಂದವರು, ಒಡಿಶಾದವರು, ಆಂಧ್ರದವರು, ಕೇರಳದವರು ನಮ್ಮ ಸಂತೆಯಲ್ಲಿ ಬದನೆಕಾಯಿ ಆರಿಸುತ್ತ ನಿಂತಿರುತ್ತಿದ್ದರು. ಗಂಡಸರಿಗೆ ಶಿಫ್ಟಿನ ಸಂಗಡಿಗರಿದ್ದರು, ಮಕ್ಕಳಿಗೆ ಕೇಂದ್ರೀಯ ವಿದ್ಯಾಲಯವಿತ್ತು. ಕ್ವಾರ್ಟರ್ಸಿನ ಬಾಗಿಲು ಹಾಕಿಕೊಂಡು ಮಧ್ಯಾಹ್ನ ಕಳೆಯಬೇಕಾದವರು ಹೆಂಗಸರು.

ನಮ್ಮ ಅಮ್ಮ ಮನೆಯಲ್ಲಿ ರವಿಕೆ ಹೊಲಿಯುತ್ತಿದ್ದಳು. ಒಡಿಶಾದ ಒಬ್ಬಾಕೆ ದೋಣಿಮಲೈಯಿಂದ ಬಸ್ಸು ಹತ್ತಿ ಅಳತೆ ಕೊಡಲು ಬಂದರು. ಹೇಳಿದ ದಿನಕ್ಕೆ ಮತ್ತೆ ಬಂದಾಗ ರವಿಕೆ ಮುಗಿದಿರಲಿಲ್ಲ. ಹಬ್ಬದ ಕಾಲವಾದ್ದರಿಂದ ಅಮ್ಮನ ಮುಂದೆ ಬಟ್ಟೆಯ ಗುಡ್ಡವೇ ಬಿದ್ದಿತ್ತು. ಆಕೆ ಹೊರಡದೆ ಕಟ್ಟೆಯ ಮೇಲೆ ಕೂತರು. ಇಬ್ಬರಿಗೂ ಸಾಕಾಗುವಷ್ಟು ಹಿಂದಿ ಅಮ್ಮನಿಗೆ ಬರುತ್ತಿರಲಿಲ್ಲ, ಆಕೆಗೆ ಕನ್ನಡ ಬರುತ್ತಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅಮ್ಮ ಸೂಜಿ-ದಾರದ ಡಬ್ಬಿಯನ್ನು ಆಕೆಯತ್ತ ಸರಿಸಿ, “ಸುಮ್ನ ಕುಂದ್ರೋ ಬದ್ಲಿ ಈ ಹುಕ್ಕರ ಹಚ್ಚಿ ಕೊಡ್ರಿ ಅಕ್ಕ” ಎಂದಳು. ಆಕೆಗೆ ಮಾತು ತಿಳಿಯದಿದ್ದರೂ ಡಬ್ಬಿ ತಿಳಿಯಿತು. ಅಂದು ಸಂಜೆ ಕಡೆಯ ಬಸ್ಸಿಗೆ ಹೋಗುವಷ್ಟರಲ್ಲಿ ಯಾರ್ಯಾರದೋ ರವಿಕೆಗಳಿಗೆ ಹುಕ್ಕು ಹಚ್ಚಿ, ಕಾಜಾ ಹೆಣೆದು ಮುಗಿಸಿದ್ದರು. ಮುಂದಿನ ವಾರ ಹೊಲಿಸುವುದಕ್ಕೇನೂ ಇಲ್ಲದೆಯೂ ಬಂದರು. ವರ್ಗವಾಗಿ ಹೋಗುವವರೆಗೂ ಬರುತ್ತಲೇ ಇದ್ದರು. ನಾವು ಮಕ್ಕಳು ಆಕೆಯನ್ನು ದೋಣಿಮಲೈ ಅಕ್ಕ ಎನ್ನುತ್ತಿದ್ದೆವು. ಆಕೆ ಕಲಿತ ಕನ್ನಡವೆಲ್ಲ ಅಮ್ಮನ ಬಳ್ಳಾರಿ ಕಡೆಯ ಕನ್ನಡ, “ಹೌದಲ್ಲೇನ್ರಿ” ಎಂದು ರಾಗ ಎಳೆಯುವುದೂ ಸೇರಿ.

ಆಗ ಇದರಲ್ಲಿ ವಿಶೇಷವೇನೂ ಕಾಣಿಸಿರಲಿಲ್ಲ. ಮದುವೆಯಾಗಿ, ಕಾರು ಬಿಡಿಭಾಗದ ಕಂಪನಿಯೊಂದರಲ್ಲಿ ಎಂಜಿನಿಯರ್ ಆಗಿದ್ದ ಗಂಡನ ಹಿಂದೆ ಡೆಟ್ರಾಯಿಟ್ ಹೊರವಲಯದ ಅಪಾರ್ಟ್‌ಮೆಂಟಿಗೆ ಬಂದು ಇಳಿದ ಮೇಲೆ ಆ ಸೂಜಿ-ದಾರದ ಡಬ್ಬಿಯ ಬೆಲೆ ತಿಳಿಯಿತು.

ನಮ್ಮಂತೆ ಬಂದವರ ಪಾಡನ್ನು ಮೊದಲಿಗೆ ನಿರ್ಧರಿಸುವುದು ಕಾನೂನು. ಎಚ್-1ಬಿ ವೀಸಾದ ಮೇಲೆ ದುಡಿಯುವವರ ಸಂಗಾತಿಗೆ ಎಚ್-4 ವೀಸಾ. ಅದರ ಮೇಲೆ ಓದಬಹುದು, ಸಂಬಳಕ್ಕೆ ದುಡಿಯುವಂತಿಲ್ಲ. 2015ರ ಮೇ 26ರಿಂದ ಇದು ಸ್ವಲ್ಪ ಸಡಿಲವಾಗಿದೆ. ಸಂಗಾತಿಯ ಗ್ರೀನ್ ಕಾರ್ಡ್ ಅರ್ಜಿ ನಿರ್ದಿಷ್ಟ ಹಂತ ದಾಟಿದ್ದರೆ, ಇಲ್ಲವೇ ಆ ಅರ್ಜಿಯ ಬಲದಿಂದ ಎಚ್-1ಬಿ ಆರು ವರ್ಷ ಮೀರಿ ಮುಂದುವರಿದಿದ್ದರೆ, ಕೆಲಸದ ಪರವಾನಗಿ ಕೇಳಬಹುದು. ಅಲ್ಲಿಯವರೆಗೆ ಕಾಯಬೇಕು. ಪರವಾನಗಿ ಇಲ್ಲದವರಿಗೆ ಸಾಮಾನ್ಯವಾಗಿ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯೂ ಇರುವುದಿಲ್ಲ, ಹಾಗಾಗಿ ಮನೆಯ ಬಾಡಿಗೆ ಕರಾರಿನಿಂದ ಫೋನಿನವರೆಗೆ ಎಲ್ಲ ಗಂಡನ ಹೆಸರಿನಲ್ಲೇ ನಡೆಯುತ್ತದೆ. ಹೊಸಪೇಟೆಯಲ್ಲೋ ಬಳ್ಳಾರಿಯಲ್ಲೋ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು, ಬ್ಯಾಂಕಿನ ಕೌಂಟರಿನಲ್ಲಿ ನೂರು ಜನರಿಗೆ ಉತ್ತರ ಕೊಡುತ್ತಿದ್ದವರು ಇಲ್ಲಿ ಬಂದು ಕಿಟಕಿಯಿಂದ ಪಾರ್ಕಿಂಗ್ ಜಾಗ ನೋಡುತ್ತ ಕೂರುತ್ತಾರೆ. ಡೆಟ್ರಾಯಿಟ್ ಕಾರಿನ ಊರು. ಹೊರವಲಯದಲ್ಲಿ ಬಸ್ಸು ಅಪರೂಪ, ನಡೆದು ಹೋಗುವಷ್ಟು ಹತ್ತಿರ ಯಾವ ಅಂಗಡಿಯೂ ಇಲ್ಲ. ಮೊದಲ ಚಳಿಗಾಲ ಮುಗಿಯುವ ಹೊತ್ತಿಗೆ ಕೆಲವರ ದನಿಯೇ ಸಣ್ಣದಾಗಿರುತ್ತದೆ. ಅಂಥವರನ್ನು ನಾನು ಬಲ್ಲೆ, ಈ ಮಾತನ್ನು ಅವರನ್ನು ನೆನೆದೇ ಬರೆಯುತ್ತಿದ್ದೇನೆ.

“ಕನ್ನಡ ಕೂಟಕ್ಕೆ ಹೋಗಿ, ಗೆಳೆಯರು ಸಿಗುತ್ತಾರೆ” ಎಂದು ಎಲ್ಲರೂ ಹೇಳುತ್ತಾರೆ. ನಮ್ಮ ಕೂಟದ ಮೇಲೆ ನನಗಿರುವ ಪ್ರೀತಿ ದೊಡ್ಡದು, ಆ ಪ್ರೀತಿಯಿಂದಲೇ ಒಂದು ಲೆಕ್ಕ ಮುಂದಿಡುತ್ತೇನೆ. ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಗೆಳೆತನಕ್ಕೆ ಎಷ್ಟು ಹೊತ್ತು ಬೇಕು ಎಂಬ ಅಧ್ಯಯನ ಪ್ರಕಟಿಸಿದರು. ಅವರು ಕೇಳಿದ್ದು ಹೊಸದಾಗಿ ಊರು ಬದಲಿಸಿದವರನ್ನು ಮತ್ತು ಆಗಷ್ಟೇ ಕಾಲೇಜು ಸೇರಿದವರನ್ನು. ಬರೀ ಪರಿಚಯ ಸಾಧಾರಣ ಸ್ನೇಹವಾಗಲು ಸುಮಾರು 50 ಗಂಟೆ ಜೊತೆಯಲ್ಲಿ ಕಳೆಯಬೇಕು, ಸ್ನೇಹಿತರು ಅನ್ನಿಸಲು 90 ಗಂಟೆ, ಆಪ್ತರಾಗಲು 200ಕ್ಕೂ ಹೆಚ್ಚು. ಈಗ ನಮ್ಮ ಕೂಟವನ್ನು ನೋಡಿ. ಯುಗಾದಿ, ಬೇಸಿಗೆಯ ಪಿಕ್‌ನಿಕ್, ಗಣೇಶ, ರಾಜ್ಯೋತ್ಸವ ಎಂದು ವರ್ಷಕ್ಕೆ ನಾಲ್ಕು ಸಲ ಸೇರುತ್ತೇವೆ. ಪ್ರತಿ ಸಲ ಐದು ಗಂಟೆ ಅಂದುಕೊಂಡರೂ ಮೂರು ಗಂಟೆ ವೇದಿಕೆಯತ್ತ ಮುಖ ಮಾಡಿ ಕತ್ತಲಲ್ಲಿ ಕೂತಿರುತ್ತೇವೆ. ಮಾತಿಗೆ ಉಳಿಯುವುದು ಎರಡು ಗಂಟೆ, ವರ್ಷಕ್ಕೆ ಎಂಟು. ಹಾಗೆ 50 ಗಂಟೆ ತುಂಬಬೇಕಾದರೆ ಆರು ವರ್ಷ ದಾಟಬೇಕು, ಅದೂ ಪ್ರತಿ ಸಲ ಒಬ್ಬರ ಪಕ್ಕದಲ್ಲೇ ಕೂತರೆ. ಆ ಎರಡು ಗಂಟೆಯೂ “ಯಾವ ಕಡೆಯವರು, ಯಜಮಾನರು ಯಾವ ಕಂಪನಿ, ಗ್ರೀನ್ ಕಾರ್ಡ್ ಎಲ್ಲಿಗೆ ಬಂತು” ಎಂಬಲ್ಲಿ ಕಳೆದುಹೋಗುತ್ತದೆ. ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದಿಲ್ಲ. ಆದರೆ ಮೂರರಲ್ಲಿ ಎರಡು ಪ್ರಶ್ನೆ ಹೊಸದಾಗಿ ಬಂದಾಕೆಯನ್ನು ಕುರಿತದ್ದೇ ಅಲ್ಲ.

ಅದೇ ಅಧ್ಯಯನದಲ್ಲಿ ಇನ್ನೊಂದು ಮಾತಿದೆ. ಕಚೇರಿಯಲ್ಲಿ ವಿಧಿಯಿಲ್ಲದೆ ಅಕ್ಕಪಕ್ಕ ಕಳೆದ ಗಂಟೆಗಳು ಗೆಳೆತನಕ್ಕೆ ಅಷ್ಟಾಗಿ ಒದಗುವುದಿಲ್ಲವಂತೆ. ಬಿಡುವಿನಲ್ಲಿ, ಬೇಕೆಂದೇ ಜೊತೆಗೆ ಕಳೆದ ಹೊತ್ತು ಒದಗುತ್ತದೆ. ಇದನ್ನು ಓದಿ ನನಗೆ ಸಮಾಧಾನವಾಯಿತು. ನೌಕರಿ ಇಲ್ಲದಿರುವುದರಿಂದ ನಮಗೆ ತಪ್ಪಿಹೋಗುವುದು ಬಹಳವಿದೆ, ಹಣ, ಮರ್ಯಾದೆ, ಕಲಿತ ವಿದ್ಯೆಯ ಹರಿತ. ಗೆಳೆತನ ಮಾತ್ರ ಆ ಪಟ್ಟಿಯಲ್ಲಿ ಇರಲೇಬೇಕೆಂದಿಲ್ಲ. ನಮ್ಮ ಕಟ್ಟೆಯ ಮೇಲೆ ದೋಣಿಮಲೈ ಅಕ್ಕ ಸಂಬಳಕ್ಕೆ ಹುಕ್ಕು ಹಚ್ಚಲಿಲ್ಲ.

ನನಗೆ ಅಂಥ ಕಟ್ಟೆ ಸಿಕ್ಕಿದ್ದು ಪಬ್ಲಿಕ್ ಲೈಬ್ರರಿಯಲ್ಲಿ. ಇಲ್ಲಿನ ಬಹಳಷ್ಟು ಲೈಬ್ರರಿಗಳಲ್ಲಿ ಹೊಸಬರಿಗೆಂದು ಇಂಗ್ಲಿಷ್ ಮಾತುಕತೆಯ ಕೂಟ ಇರುತ್ತದೆ, ದುಡ್ಡು ಕೊಡಬೇಕಿಲ್ಲ. ಅದಕ್ಕೆಂದು ಹೋದವಳಿಗೆ ಪಕ್ಕದ ಕೋಣೆಯಲ್ಲಿ ಬಟ್ಟೆ ಹರವಿಕೊಂಡು ಕೂತ ವಯಸ್ಸಾದ ಹೆಂಗಸರು ಕಂಡರು. ಕ್ವಿಲ್ಟ್ ಹೊಲಿಯುವವರು. ತುಂಡು ಬಟ್ಟೆ ಜೋಡಿಸಿ ಆಸ್ಪತ್ರೆಯ ಮಕ್ಕಳಿಗೆ ಹೊದಿಕೆ ಮಾಡಿ ಕೊಡುತ್ತಾರೆ. ಹಿಂದಿನಿಂದಲೂ ಸ್ವಯಂಸೇವಕರೇ ಮಾಡಿಕೊಂಡು ಬಂದ ಇಂಥ ಕೆಲಸಕ್ಕೆ ಎಚ್-4 ಅಡ್ಡ ಬರುವುದಿಲ್ಲ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಅವರ ಮೇಜಿನ ಮೇಲಿದ್ದದ್ದು ನಮ್ಮಜ್ಜಿಯ ಕೌದಿಯ ಅಕ್ಕ-ತಂಗಿಯೇ ಸರಿ.

ನನ್ನ ಹೆಗಲಲ್ಲಿ ಸಂಡೂರಿನ ಲಂಬಾಣಿ ಕಸೂತಿಯ ಚೀಲವಿತ್ತು. ಅವರಲ್ಲೊಬ್ಬರು, ನಿವೃತ್ತ ಶಾಲಾ ಶಿಕ್ಷಕಿ, ಅದನ್ನು ಕೇಳಿ ಪಡೆದರು. ಮೇಲಿನ ಕನ್ನಡಿ, ಕವಡೆ ನೋಡಿ ಹೊಗಳುತ್ತಾರೆ ಅಂದುಕೊಂಡೆ. ಆಕೆ ಮಾಡಿದ್ದು ಬೇರೆ. ಚೀಲದ ಬಾಯಿ ಬಿಚ್ಚಿ, ಒಳಮಗ್ಗುಲನ್ನು ಹೊರಕ್ಕೆ ಹೊರಳಿಸಿ, ಕನ್ನಡಕ ಏರಿಸಿ, ಹೊಲಿಗೆಯ ಬೆನ್ನನ್ನು ಬೆರಳಿನಿಂದ ಸವರಿ ನೋಡಿದರು. ದಾರ ಎಲ್ಲಿ ಶುರುವಾಗಿದೆ, ಗಂಟನ್ನು ಎಲ್ಲಿ ಅಡಗಿಸಿದ್ದಾರೆ, ಒಂದು ಬಣ್ಣದಿಂದ ಇನ್ನೊಂದಕ್ಕೆ ಹೇಗೆ ದಾಟಿದ್ದಾರೆ. ಮಿಕ್ಕವರೂ ಕುರ್ಚಿ ಎಳೆದುಕೊಂಡು ಬಂದರು. ನನ್ನ ಅಮ್ಮ ಬೇರೆಯವರ ಹೊಲಿಗೆ ನೋಡುತ್ತಿದ್ದದ್ದೂ ಹೀಗೆಯೇ, ಬೆನ್ನು ತಿರುಗಿಸಿ. ಇವರ ನಡುವೆ ನಾನು ಕೂರಬಹುದು ಅನ್ನಿಸಿತು.

ಆಮೇಲೆ ಹೇಳಲು ನನ್ನಲ್ಲಿ ಬೇಕಾದಷ್ಟಿತ್ತು. ಸುಶೀಲಾನಗರದ ತಾಂಡಾದ ಹೆಂಗಸರು, ಸಂಡೂರು ಕುಶಲ ಕಲಾ ಕೇಂದ್ರ, ಕಿಲನ್, ವೇಲೆ, ಪೋಟೆ ಎಂದು ಹೆಸರಿರುವ ಹದಿನಾಲ್ಕು ಬಗೆಯ ಹೊಲಿಗೆ, 2010ರಲ್ಲಿ ಈ ಕಸೂತಿಗೆ ಸಿಕ್ಕ ಭೌಗೋಳಿಕ ಗುರುತಿನ ಮಾನ್ಯತೆ. 2023ರ ಜುಲೈನಲ್ಲಿ ಜಿ-20 ಸಂಸ್ಕೃತಿ ಸಭೆ ಹಂಪಿಯಲ್ಲಿ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರು ಹೊಲಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಆ ಸುದ್ದಿಯ ಚಿತ್ರವನ್ನು ಫೋನಿನಲ್ಲಿ ತೋರಿಸಿದ ದಿನ ನನ್ನ ಇಂಗ್ಲಿಷ್ ಎಲ್ಲೂ ತಡವರಿಸಲಿಲ್ಲ. ಊರಿನ ಬಗ್ಗೆ ಹೇಳುವುದಕ್ಕೆ ಒಂದು ನೆಪ, ಕೇಳುವುದಕ್ಕೆ ನಾಲ್ಕು ಜನ ಇದ್ದರೆ ಭಾಷೆ ತಾನಾಗಿ ಬರುತ್ತದೆ.

ಆ ಶಿಕ್ಷಕಿ ಮಿಷಿಗನ್ನಿನ ಉತ್ತರದ ಕಬ್ಬಿಣದ ಸೀಮೆಯವರು. ಅಲ್ಲಿ ನೆಗಾನಿ ಎಂಬ ಊರಿನ ಆಸುಪಾಸಿನಲ್ಲಿ 1840ರ ದಶಕದಿಂದಲೇ ಅದಿರು ತೆಗೆಯುತ್ತಿದ್ದರು. ಇಂಗ್ಲೆಂಡಿನ ಕಾರ್ನ್‌ವಾಲ್, ಇಟಲಿ, ಫಿನ್‌ಲೆಂಡಿನಿಂದ ಗಣಿ ಕೆಲಸಕ್ಕೆ ಜನ ಬಂದರು. ಆಕೆಯ ಅಜ್ಜಿ ಫಿನ್‌ಲೆಂಡಿನಿಂದ ಗಂಡನ ಹಿಂದೆ ಬಂದವರು, ಬಂದಾಗ ಇಂಗ್ಲಿಷಿನ ಒಂದಕ್ಷರ ಗೊತ್ತಿರಲಿಲ್ಲ. “ಬಟ್ಟೆ ಒಗೆದರೂ ಕೆಂಪು ಹೋಗುತ್ತಿರಲಿಲ್ಲವಂತೆ” ಎಂದು ಆಕೆ ಹೇಳಿದಾಗ ನಾನು ಸೂಜಿ ಕೆಳಗಿಟ್ಟೆ. ಸಂಡೂರಿನ ಯಾವ ಹೆಣ್ಣುಮಗಳಿಗೂ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಲಾರಿ ಓಡಾಡುವ ದಾರಿಯ ಪಕ್ಕದ ಮನೆಗಳಲ್ಲಿ ಬಿಳಿ ಸಮವಸ್ತ್ರ ಒಣಗಿಸಲು ನಮ್ಮ ತಾಯಂದಿರು ಹೊತ್ತು ನೋಡಬೇಕಿತ್ತು. ಭೂಮಿಯ ಆ ತುದಿಗೂ ಈ ತುದಿಗೂ ಅದಿರಿನ ಹಿಂದೆ ಗಂಡಸರು, ಗಂಡಸರ ಹಿಂದೆ ಹೆಂಗಸರು ಬಂದಿದ್ದಾರೆ. ಅವರಾರೂ ವೀಸಾದ ಹೆಸರು ಕೇಳಿದವರಲ್ಲ.

ನಾನು ಅವರಿಗೆ ಕೌದಿಯ ನೇರ ಹೊಲಿಗೆ ತೋರಿಸಿದೆ. ಅಂಚಿನಿಂದ ಶುರುಮಾಡಿ ಸುತ್ತುತ್ತ ನಡುವಿಗೆ ಬರುವುದು, ನಡುವೆ ಕೊನೆಯ ತುಂಡು ಮುಚ್ಚುವ ಮುನ್ನ ನಮ್ಮಜ್ಜಿ ಒಂದು ಚೂರು ರೊಟ್ಟಿ ಇಡುತ್ತಿದ್ದದ್ದು, ಹಸಿದ ಕೌದಿ ಹೊದ್ದವರಿಗೆ ಬೆಚ್ಚಗಾಗುವುದಿಲ್ಲ ಎನ್ನುತ್ತಿದ್ದದ್ದು. ಆಸ್ಪತ್ರೆಗೆ ಹೋಗುವ ಹೊದಿಕೆಯಲ್ಲಿ ರೊಟ್ಟಿ ಇಡುವಂತಿಲ್ಲ. ಹಾಗಾಗಿ ರೊಟ್ಟಿಯ ಆಕಾರದಲ್ಲಿ ದುಂಡಗೆ ಕತ್ತರಿಸಿದ ಹಳದಿ ಬಟ್ಟೆಯೊಂದನ್ನು ಒಳಗಿಟ್ಟು ಹೊಲಿಯೋಣ ಎಂದು ಅವರೇ ನಿರ್ಧರಿಸಿದರು. ಈಗ ಅವರು ಮಾಡುವ ಪ್ರತಿ ಹೊದಿಕೆಯೊಳಗೂ ಅದಿದೆ. ನನ್ನ ಹೆರಿಗೆಗೆ ಅಮ್ಮನ ವೀಸಾ ತಡವಾದಾಗ ಮೊದಲ ವಾರವೆಲ್ಲ ಸೂಪು ಹೊತ್ತು ತಂದವರು ಇವರು. ಎದುರು ಮನೆಯ ತೆಲುಗು ಹುಡುಗಿ ಬಾಣಂತಿಯ ಸಾರು ಕಲಿತು ಬಂದಳು. ಆಕೆಯ ಪರಿಚಯವಾದದ್ದು ನಾನು ಒಗ್ಗರಣೆಗೆ ಕರಿಬೇವು ಕೇಳಲು ಬಾಗಿಲು ತಟ್ಟಿದಾಗ. ಊರಿನಲ್ಲಿ ಹೆಪ್ಪಿಗೆ ಮಜ್ಜಿಗೆ ಕೇಳಲು ಯಾರಾದರೂ ಹಿಂಜರಿಯುತ್ತಾರೆಯೇ? ಇಲ್ಲಿ ಎಲ್ಲರ ಮನೆಯಲ್ಲೂ ಎಲ್ಲ ಇರುತ್ತದೆ, ಹಾಗಾಗಿ ಯಾರೂ ಯಾರ ಬಾಗಿಲನ್ನೂ ತಟ್ಟುವುದಿಲ್ಲ. ಇದ್ದರೂ ಕೇಳಬೇಕು ಎನ್ನುವುದು ನನ್ನ ಅಭಿಪ್ರಾಯ.

ಹೆಂಡತಿಯ ಹಿಂದೆ ಬಂದ ಗಂಡಸರ ಕಷ್ಟ ಇನ್ನೂ ಹೆಚ್ಚು, ಅವರು ಕರಿಬೇವು ಕೇಳುವುದಿಲ್ಲ. ಕಂಪ್ಲಿ ಕಡೆಯ ಒಬ್ಬರು ನಮ್ಮಲ್ಲಿದ್ದಾರೆ. ಹೆಂಡತಿ ಇಲ್ಲಿನ ಆಸ್ಪತ್ರೆಯಲ್ಲಿ ದುಡಿಯುತ್ತಾರೆ. ಊರಿನಲ್ಲಿ ಭತ್ತದ ಗದ್ದೆ, ಪಂಪ್‌ಸೆಟ್ಟು, ಆಳುಕಾಳು ನೋಡಿಕೊಂಡಿದ್ದ ಮನುಷ್ಯ, “ನೀವು ಏನು ಮಾಡುತ್ತೀರಿ” ಎಂಬ ಪ್ರಶ್ನೆಗೆ ಹೆದರಿ ಕೂಟಕ್ಕೆ ಬರುವುದನ್ನೇ ಬಿಟ್ಟಿದ್ದರು. ಒಂದು ಗಣೇಶನ ಹಬ್ಬದಂದು ಮೈಕು ಕೈಕೊಟ್ಟಿತು. ಹಿಂದೆ ನಿಂತಿದ್ದ ಅವರು ಬಂದು ವೈರು ಬಿಚ್ಚಿ, ಜೋಡಿಸಿ ಸರಿಮಾಡಿದರು. ಅಂದಿನಿಂದ ಧ್ವನಿವರ್ಧಕದ ಜವಾಬ್ದಾರಿ ಅವರದು, ಕಾರ್ಯಕ್ರಮದ ಹಿಂದಿನ ದಿನ ಅವರಿಗೆ ಹತ್ತು ಫೋನು ಬರುತ್ತವೆ.

ಆದ್ದರಿಂದ ಕೂಟದ ಸಮಿತಿಗೆ ನನ್ನದೊಂದು ಬಿನ್ನಹ. ಹೊಸಬರನ್ನು ವೇದಿಕೆಗೆ ಕರೆದು ಹೂ ಕೊಟ್ಟು ಚಪ್ಪಾಳೆ ತಟ್ಟುವುದನ್ನು ಬಿಡಬೇಕಿಲ್ಲ, ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ. ಬಂದ ಮೊದಲ ತಿಂಗಳಲ್ಲೇ ಅವರ ಕೈಗೆ ಏನಾದರೂ ಕೊಡಿ. ಭಾನುವಾರದ ಕನ್ನಡ ಶಾಲೆಯಲ್ಲಿ ಒಂದು ತರಗತಿ ಕೊಡಿ, ಅವರ ಕನ್ನಡ ಬಳ್ಳಾರಿಯದೋ ಕುಂದಾಪುರದ್ದೋ ಎಂದು ನೋಡಬೇಡಿ, ಮಕ್ಕಳು ಎಲ್ಲವನ್ನೂ ಕೇಳಿ ಬೆಳೆಯಲಿ. ನಾಟಕದ ತಾಲೀಮಿಗೆ ಸೇರಿಸಿಕೊಳ್ಳಿ. ತಾಲೀಮು ಎರಡು ತಿಂಗಳು ನಡೆಯುತ್ತದೆ, ಆ 50 ಗಂಟೆ ಅಲ್ಲೇ ತುಂಬುತ್ತದೆ. ಕೂಟದ ಸಂಚಿಕೆಯ ಕರಡು ತಿದ್ದುವ ಕೆಲಸ ಕೊಟ್ಟರೂ ಆಯಿತು.

ಯುಗಾದಿಯ ಹೋಳಿಗೆಯನ್ನು ಹೊರಗಿನಿಂದ ತರಿಸುವ ಬದಲು ನಾವೇ ಮಾಡುತ್ತೇವೆ ಎಂದು ಕೆಲವರು ಸೇರಿ ಸಮಿತಿಯನ್ನು ಒಪ್ಪಿಸಿದ್ದೇವೆ. ಹಿಂದಿನ ಶನಿವಾರ ಬೆಳಿಗ್ಗೆಯಿಂದ ದೇವಸ್ಥಾನದ ಅಡುಗೆಮನೆಯಲ್ಲಿ ಬೇಳೆ ಬೇಯುತ್ತದೆ. ಲಟ್ಟಿಸಲು ಬಾರದವರು ಹೂರಣದ ಉಂಡೆ ಕಟ್ಟಬಹುದು, ಅದೂ ಬಾರದವರು ಏಲಕ್ಕಿ ಬಿಡಿಸಬಹುದು. ಹಳೆಯ ಬಟ್ಟೆ ಉಟ್ಟು ಬನ್ನಿ, ಮಕ್ಕಳನ್ನೂ ಕರೆತನ್ನಿ. ಕಾರು ಓಡಿಸದವರು ಶುಕ್ರವಾರ ರಾತ್ರಿಯೊಳಗೆ ತಿಳಿಸಿದರೆ ಮನೆಗೇ ಬಂದು ಕರೆದೊಯ್ಯುತ್ತೇವೆ.