ಗುಟ್ಟೂ ಅಮಾನತ್, ದಾಖಲೆಯೂ ಅಮಾನತ್

ವೃದ್ಧಾಶ್ರಮಗಳಲ್ಲಿ ನರ್ಸ್ ಆಗಿ, ಆಯಾ ಆಗಿ ದುಡಿಯುವ ಸಹೋದರಿಯರು ನಮ್ಮ ಸಮುದಾಯದಲ್ಲೂ ಇದ್ದಾರೆ. ನಮ್ಮ ಹಿರಿಯರಲ್ಲಿ ಕೆಲವರು ಅಂತಹ ಕಡೆ ವಾಸಿಸುವ ಸ್ಥಿತಿಯೂ ಬಂದಿದೆ. ಅದು ಸರಿಯೇ ತಪ್ಪೇ ಎಂಬುದು ಬೇರೆಯೇ ಚರ್ಚೆ. ಅಲ್ಲಿ ಏಳುವ ಒಂದು ಪ್ರಶ್ನೆಯ ಬಗ್ಗೆ ಮಾತ್ರ ಇಲ್ಲಿ ಯೋಚಿಸೋಣ.

ಎಂಬತ್ತು ದಾಟಿದ ಹಿರಿಯ ಮಹಿಳೆಯೊಬ್ಬರು ತಹಜ್ಜುದ್‌ಗೆಂದು ಎದ್ದು, ವುಝೂ ಮಾಡುವಾಗ ಜಾರಿ ಬಿದ್ದರೆಂದುಕೊಳ್ಳಿ. ಹೊರಗೆ ಗಾಯ ಕಾಣುವುದಿಲ್ಲ. ಎಬ್ಬಿಸಿ ಕೂರಿಸಿದ ಆಯಾಳ ಕೈ ಹಿಡಿದು, "ಮಗಳೇ, ಇದನ್ನು ಪುಸ್ತಕದಲ್ಲಿ ಬರೆಯಬೇಡ. ಗೊತ್ತಾದರೆ ರಾತ್ರಿ ಏಳಲಿಕ್ಕೇ ಬಿಡುವುದಿಲ್ಲ" ಎನ್ನುತ್ತಾರೆ. ಆಕೆ ಏನು ಮಾಡಬೇಕು?

ಗುಟ್ಟು ಕಾಪಾಡುವುದು ನಮ್ಮ ದೀನ್‌ನಲ್ಲಿ ಸಣ್ಣ ವಿಷಯವಲ್ಲ. ಒಬ್ಬನು ಮಾತನಾಡಿ ಆಚೀಚೆ ತಿರುಗಿ ನೋಡಿದರೆ ಆ ಮಾತು ಅಮಾನತ್ ಎಂದು ಪ್ರವಾದಿ(ಸ) ಕಲಿಸಿದ್ದಾರೆ. "ಯಾರಿಗೂ ಹೇಳಬೇಡ" ಎಂದು ಬಾಯಿಬಿಟ್ಟು ಹೇಳಬೇಕೆಂದೂ ಇಲ್ಲ. ಬಾಲಕ ಅನಸ್(ರ)ರನ್ನು ಪ್ರವಾದಿ(ಸ) ಒಂದು ಕೆಲಸಕ್ಕೆ ಕಳುಹಿಸಿದ್ದರು. ತಡವಾಗಿ ಬಂದ ಮಗನನ್ನು ತಾಯಿ ವಿಚಾರಿಸಿದಾಗ ಅದು ಗುಟ್ಟೆಂದರು. ಆ ತಾಯಿ ಒತ್ತಾಯಿಸಲಿಲ್ಲ. ಪ್ರವಾದಿವರ್ಯರ(ಸ) ಗುಟ್ಟನ್ನು ಯಾರಿಗೂ ಹೇಳಬೇಡವೆಂದು ಮಗನಿಗೇ ಬುದ್ಧಿ ಹೇಳಿದರು.

ಹಾಗಾದರೆ ಆಯಾ ಬರೆಯದೆ ಬಿಡಬೇಕೇ? ಕುರ್‌ಆನಿನ ಅತಿ ದೀರ್ಘವಾದ ಸೂಕ್ತ, ಅಲ್-ಬಕರಃ ಅಧ್ಯಾಯದ 282ನೆಯದು, ಬರೆದಿಡುವುದರ ಬಗ್ಗೆಯೇ ಇದೆ. ಸಾಲ ಸಣ್ಣದಿರಲಿ ದೊಡ್ಡದಿರಲಿ, ಬರೆಯಲು ಬೇಸರಿಸಬಾರದು. ಸಾಲಗಾರ ದುರ್ಬಲನಾಗಿ ತಾನೇ ಹೇಳಿ ಬರೆಸಲಾರದವನಾದರೆ ಅವನ ಪೋಷಕನು ನ್ಯಾಯದಿಂದ ಬರೆಸಬೇಕು. ಅದು ಸಾಲದ ವಿಷಯ, ನಿಜ. ಆದರೆ ದುರ್ಬಲರ ಹಕ್ಕು ಕಾಗದದಲ್ಲಿ ಉಳಿಯಲು ಇನ್ನೊಬ್ಬರ ಪ್ರಾಮಾಣಿಕತೆ ಬೇಕೆಂಬ ಮಾತು ಆಶ್ರಮಕ್ಕೂ ಅನ್ವಯಿಸುತ್ತದೆ. ರಾತ್ರಿ ಪಾಳಿಯವರು ಹೋಗಿ ಹಗಲಿನವರು ಬಂದಾಗ ಆ ಅಜ್ಜಿಯ ಪರವಾಗಿ ಮಾತನಾಡುವುದು ಆ ಪುಸ್ತಕ. ಮುದಿವಯಸ್ಸಿನಲ್ಲಿ, ಅದರಲ್ಲೂ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರ ತಲೆಗೆ ಪೆಟ್ಟಾದರೆ, ಒಳಗಿನ ರಕ್ತಸ್ರಾವದ ಲಕ್ಷಣ ದಿನಗಳ ನಂತರ ಕಾಣಿಸಬಹುದು. ನಾಳೆ ಅವರಿಗೆ ವಾಂತಿಯಾಗಿ ಮಂಪರು ಬಂದರೆ, ಬಿದ್ದ ವಿಷಯ ವೈದ್ಯರಿಗೆ ತಿಳಿಯುವುದು ಹೇಗೆ?

ಆದ್ದರಿಂದ ಬರೆಯಲೇಬೇಕು, ಆದರೆ ಅವರಿಗೆ ತಿಳಿಸಿಯೇ ಬರೆಯಬೇಕು. "ಆಯಿತು" ಎಂದು ತಲೆಯಾಡಿಸಿ ಹಿಂದಿನಿಂದ ಬರೆದರೆ ಅದು ವಂಚನೆ. "ಬಿದ್ದದ್ದನ್ನು ಬರೆಯದಿರಲು ನನಗಾಗದು ಉಮ್ಮ, ಆದರೆ ತಹಜ್ಜುದ್‌ಗೆ ಏಳಬೇಕೆಂಬ ನಿಮ್ಮ ಆಸೆಯನ್ನೂ ಬರೆಯುತ್ತೇನೆ, ಜೊತೆಗೆ ಒಬ್ಬರು ಇರುವಂತೆ ಕೇಳುತ್ತೇನೆ" ಎನ್ನಬಹುದಲ್ಲ. ಇನ್ನು ಸೊಸೆಯೊಂದಿಗಿನ ಹಳೆಯ ಜಗಳವನ್ನು ಅವರು ಹೇಳಿಕೊಂಡಿದ್ದರೆ ಅದಕ್ಕೆ ಪುಸ್ತಕದಲ್ಲಿ ಜಾಗವಿಲ್ಲ. ಆರೈಕೆಗೆ ಬೇಡದ್ದು ಕೇಳಿದವರ ಎದೆಯಲ್ಲೇ ಇರಲಿ. ಯಾರೋ ಹೊಡೆಯುತ್ತಾರೆ ಎಂದರೆ ಮಾತು ಬೇರೆ. ಅನ್ಯಾಯವನ್ನು ತಡೆಯಬಲ್ಲವರ ಮುಂದೆ ಹೇಳುವುದನ್ನು ಇಮಾಮ್ ನವವಿ ಗೀಬತ್‌ಗೆ ವಿನಾಯಿತಿ ಇರುವ ಆರು ಸಂದರ್ಭಗಳಲ್ಲಿ ಎಣಿಸಿದ್ದಾರೆ.

ಬರೆದದ್ದು ಯಾರ ಕಣ್ಣಿಗೆ ಬೀಳಬೇಕು? ಪುಟದ ಫೋಟೋ ತೆಗೆದು ಗೆಳತಿಯರಿಗೆ ಕಳುಹಿಸುವವರು, "ಸತ್ಯವನ್ನೇ ತಾನೇ ತೋರಿಸಿದ್ದು" ಎನ್ನಬಹುದು. ಸತ್ಯವಾದುದನ್ನೇ ಅವರಿಗೆ ಇಷ್ಟವಾಗದಂತೆ ಬೆನ್ನ ಹಿಂದೆ ಹೇಳುವುದಕ್ಕೆ ಗೀಬತ್ ಎನ್ನುತ್ತಾರೆ, ಸುಳ್ಳಾದರೆ ಅದು ಅಪವಾದ. ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯೂ ಗೌಪ್ಯತೆಯ ಹಕ್ಕನ್ನೂ ತನ್ನ ದಾಖಲೆಯನ್ನು ತಾನು ನೋಡುವ ಹಕ್ಕನ್ನೂ ಒಬ್ಬ ರೋಗಿಗೇ ಕೊಟ್ಟಿದೆ. ಇನ್ನು ಅಳೆಯದೆಯೇ ಬಿ.ಪಿ. ಅಂಕಿ ತುಂಬುವುದು, ಕೊಡದ ಮಾತ್ರೆಗೆ ಗುರುತು ಹಾಕುವುದು ಸುಳ್ಳು ಸಾಕ್ಷ್ಯವಲ್ಲದೆ ಬೇರೇನು?

ಮಯ್ಯಿತ್‌ಗೆ ಸ್ನಾನ ಮಾಡಿಸುವವರು ಕಂಡ ನ್ಯೂನತೆಯನ್ನು ಹೊರಗೆ ಹೇಳಬಾರದೆಂಬುದು ನಿಮಗೆಲ್ಲ ಗೊತ್ತು. ಅದನ್ನೇ ನೆಪವಾಗಿಸಿ, ಹೊರಳಿಸಿ ಮಲಗಿಸದೆ ಬೆನ್ನಲ್ಲಿ ಎದ್ದ ಹಾಸಿಗೆ ಹುಣ್ಣನ್ನು ಆಶ್ರಮದ ಪುಸ್ತಕದಿಂದ ಬಿಟ್ಟುಬಿಟ್ಟರೆ ಮುಚ್ಚಿದ್ದು ಯಾರ ಮಾನ? ಮೃತರು ಆ ಹುಣ್ಣಿಗಾಗಿ ನಾಚಬೇಕಾದುದೇನೂ ಇಲ್ಲ. ಪಕ್ಕದ ಹಾಸಿಗೆಯಲ್ಲಿ ಇನ್ನೊಬ್ಬರು ಮಲಗಿದ್ದಾರೆ. ಅವರ ಬೆನ್ನನ್ನು ಇಂದು ಯಾರಾದರೂ ನೋಡಿದ್ದಾರೆಯೇ?